ಹಾಸಿಗೆಯಲ್ಲಿ ಇರಲಿಲ್ಲ ಎಂಬ ಅಪರಾಧ

ಆಶ್ರಯ ಕೋರಿ ಬಂದವರ ಹೊಣೆ ಯಾವ ದೇಶದ್ದೆಂದು ತೀರ್ಮಾನಿಸುವ ಅಧಿಕಾರಿಗಳೇ,

ನನ್ನ ತಮ್ಮ ತೆಕ್ಲಿತ್ ತಲೆಮರೆಸಿಕೊಂಡಿದ್ದಾನೆ ಎಂದು ಬರೆದಿದ್ದೀರಿ. ಅದು ಸುಳ್ಳು. ಆ ಒಂದು ಪದ ಅವನನ್ನು ನುಂಗಲಿದೆ, ಹಾಗಾಗಿ ಊರೆಲ್ಲ ಓದಲೆಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಯುರೋಪಿನ ದೇಶಗಳು ಕೂಡಿ ಮಾಡಿಕೊಂಡ ನಿಯಮದಂತೆ, ಆಶ್ರಯದ ಅರ್ಜಿಯನ್ನು ಸಾಮಾನ್ಯವಾಗಿ ನೋಡಬೇಕಾದದ್ದು ಮೊದಲು ಬೆರಳಚ್ಚು ಪಡೆದ ದೇಶ. ಎರಿಟ್ರಿಯಾದ ಸೈನ್ಯದಿಂದ ಓಡಿಬಂದ ತೆಕ್ಲಿತ್ ದೋಣಿಯಿಂದ ಇಳಿದದ್ದು ದಕ್ಷಿಣದ ಒಂದು ದೇಶದಲ್ಲಿ. ಹೆಸರು ಬರೆಯುವುದಿಲ್ಲ, ನಿಮ್ಮೆರಡು ದೇಶಗಳ ಸ್ನೇಹ ಕೆಡಬಾರದು ನೋಡಿ. ಅಲ್ಲಿ ಅವನನ್ನು ಹಿಡಿದು ಬೆರಳನ್ನು ಯಂತ್ರಕ್ಕೆ ಒತ್ತಿದರು, ಆಮೇಲೆ ಚಳಿಗಾಲದ ಬೀದಿಗೆ ಬಿಟ್ಟರು. ಸೇತುವೆಯ ಕೆಳಗೆ ಅವನ ಪಕ್ಕ ಮಲಗಿದ್ದ ಗೆಳೆಯ ಒಂದು ಬೆಳಿಗ್ಗೆ ಏಳಲೇ ಇಲ್ಲ. ಆಮೇಲೆಯೇ ತೆಕ್ಲಿತ್ ಜರ್ಮನಿಗೆ, ನಾನಿರುವ ಈ ಊರಿಗೆ ಬಂದದ್ದು. ಹೊಣೆ ಎಂದರೆ ಇದೇ ಏನು? "ಕಾಲು ಎಷ್ಟು ನಡೀತು ಅಂತ ಯಾರೂ ಕೇಳಲ್ಲ ಅಕ್ಕ, ಬೆರಳು ಯಾರ ಹತ್ರ ಇದ್ಯೋ ಅವ್ರೇ ನಮ್ಮ ಯಜಮಾನ್ರು" ಎಂದು ತೆಕ್ಲಿತ್ ನಗುತ್ತಾನೆ. ನನಗೆ ನಗು ಬರುವುದಿಲ್ಲ.

ಅವನನ್ನು ಅಲ್ಲಿಗೆ ಮರಳಿ ಸಾಗಿಸಲು ನಿಮಗಿದ್ದದ್ದು ಆರು ತಿಂಗಳ ಗಡುವು. ಅದು ಮೀರಿದರೆ ಹೊಣೆ ಜರ್ಮನಿಯದು. ಓಡಿಹೋದನೆಂದು ಬರೆದುಬಿಟ್ಟರೆ ಮಾತ್ರ ಗಡುವು ಒಂದೂವರೆ ವರ್ಷಕ್ಕೆ ಹಿಗ್ಗುತ್ತದೆ. ಆರು ತಿಂಗಳು ತುಂಬಲು ಇನ್ನೇನು ಒಂದು ವಾರವಿದೆ ಎನ್ನುವಾಗ ಅತ್ತ ಎರಿಟ್ರಿಯಾದ ಅಸ್ಮಾರಾದಲ್ಲಿ ನಮ್ಮ ತಾಯಿ ತೀರಿಕೊಂಡರು.

ನಮ್ಮ ಜನ ಇಂಥ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಏನಾದರೊಂದು ನೆಪ ಹೂಡಿ ಮಕ್ಕಳನ್ನು ಒಂದೇ ಮನೆಯಲ್ಲಿ ಸೇರಿಸುತ್ತಾರೆ, ಕೊನೆಯದೊಂದು ರಾತ್ರಿ ನೆಮ್ಮದಿಯಾಗಿ ಮಲಗಲು ಬಿಡುತ್ತಾರೆ, ನಸುಕಿನಲ್ಲಿ ಹಿರಿಯರು ಬಂದು ಹೇಳುತ್ತಾರೆ. ನಮ್ಮ ಚರ್ಚಿನ ಹಿರಿಯರಾದ ಬೆರಾಖಿ ಮಾವ ತಮ್ಮನಿಗೆ, "ನಿಮ್ಮಕ್ಕಂಗೆ ಜ್ವರ ಕಣಪ್ಪ, ಇವತ್ತು ಅಲ್ಲೇ ಮಲ್ಕೋ" ಎಂದರಂತೆ. ನನಗೆ ಹೇಳಿದ್ದು, "ನಿನ್ ತಮ್ಮ ಬರ್ತಾನೆ, ಇಂಜೆರಾ ರೊಟ್ಟಿ ನಾಲ್ಕು ಜಾಸ್ತಿ ಮಾಡಮ್ಮ." ತೆಕ್ಲಿತ್ ಬಂದವನೇ ನನ್ನ ಹಣೆ ಮುಟ್ಟಿ, "ಜ್ವರ ಎಲ್ಲಿಟ್ಟಿದೀಯ ಅಕ್ಕ?" ಎಂದ. ಇಬ್ಬರಿಗೂ ಆಗಲೇ ಅರ್ಥವಾಯಿತು. ಆದರೂ ಒಂದೇ ತಟ್ಟೆಯಲ್ಲಿ ಊಟ ಮಾಡಿದೆವು.

ನಸುಕಿನಲ್ಲಿ ಹಿರಿಯರು ನನ್ನ ಬಾಗಿಲು ಬಡಿದರು. ಅದೇ ಹೊತ್ತಿಗೆ, ಊರಾಚೆ ಅವನಿದ್ದ ನಿರಾಶ್ರಿತರ ಶಿಬಿರದಲ್ಲಿ, ಅವನನ್ನು ಮರಳಿ ಸಾಗಿಸಲು ಬಂದ ಪೊಲೀಸರು ಅವನ ಕೋಣೆಯ ಬಾಗಿಲು ಬಡಿಯುತ್ತಿದ್ದರು. ಹಾಸಿಗೆ ಖಾಲಿ. ಪಕ್ಕದ ಮಂಚದವನು, "ಎಲ್ಲಿಗ್ ಹೋದ್ನೋ ಗೊತ್ತಿಲ್ಲ ಸಾರ್" ಎಂದ. ಅಲ್ಲಿಗೆ ನನ್ನ ತಮ್ಮ ಪರಾರಿಯಾದ. ತಾಯಿಗಾಗಿ ಅತ್ತು, ಮೂರನೆಯ ದಿನ ತನ್ನಷ್ಟಕ್ಕೆ ತಾನೇ ಶಿಬಿರಕ್ಕೆ ಮರಳುವವನನ್ನು ಪರಾರಿ ಎನ್ನುವ ಭಾಷೆ ಯಾವುದು ಸ್ವಾಮಿ?

ನಿಮ್ಮ ಕಚೇರಿಗೆ ಫೋನು ಮಾಡಿದೆ. "ಹೊರಗೆ ಮಲಗೋದಾದ್ರೆ ಮೊದ್ಲೇ ತಿಳಿಸ್ಬೇಕಿತ್ತು ಮೇಡಂ" ಎಂದರು ನಿಮ್ಮವರು.

"ಶಿಬಿರದಿಂದ ಹೊರಡೋವಾಗ ಅಮ್ಮ ಸತ್ತಿದ್ದು ಅವನಿಗೇ ಗೊತ್ತಿರ್ಲಿಲ್ವಲ್ಲ."

"ಗೊತ್ತಿಲ್ದೆ ಇದ್ರೆ ಕೋಣೇಲೇ ಇರ್ಬೇಕಿತ್ತು."

ಎಷ್ಟು ಚೊಕ್ಕ ಉತ್ತರ. ಸತ್ತದ್ದು ನಮ್ಮ ತಾಯಿಯ ತಪ್ಪೆಂದೇ ಇಟ್ಟುಕೊಳ್ಳೋಣ. ಅದಕ್ಕೆ ಮಗನನ್ನು ಸೇತುವೆಯ ಕೆಳಗೆ ಕಳಿಸುವುದೇ?

ಈಗ ಅವನು ಬಟ್ಟೆ ಬದಲಿಸದೆ, ಬೂಟು ಬಿಚ್ಚದೆ ಮಲಗುತ್ತಾನೆ. ಕಾರಿನ ಸದ್ದಾದರೆ ಎದ್ದು ಕೂರುತ್ತಾನೆ. ಅವನಿಗೆ ನೀವು ಕೊಟ್ಟಿರುವ ಆಯ್ಕೆ ಇಷ್ಟೇ: ಹಾಸಿಗೆಯಲ್ಲಿದ್ದರೆ ಒಯ್ಯುತ್ತೀರಿ, ಇಲ್ಲದಿದ್ದರೆ ಓಡಿಹೋದ ಎನ್ನುತ್ತೀರಿ.

ಬರುವ ಶನಿವಾರ ತಾಯಿಯ ನಲವತ್ತನೆಯ ದಿನ. ನಸುಕಿನ ಪ್ರಾರ್ಥನೆಗೆ ಮಗ ನಿಲ್ಲಬೇಕು, ಹಿಂದಿನ ರಾತ್ರಿಯೇ ನನ್ನ ಮನೆಗೆ ಬರಬೇಕು. ಬರಬೇಡ ಎಂದೆ. "ಒಬ್ನೇ ಮಗ ಅಕ್ಕ ನಾನು. ಬರ್ತೀನಿ" ಎಂದ.

ನನ್ನ ಬೇಡಿಕೆ ಇಷ್ಟು: ಆ ಪದವನ್ನು ಹೊಡೆದುಹಾಕಿ, ಅವನ ಅರ್ಜಿಯನ್ನು ಇಲ್ಲಿಯೇ ಕೇಳಿ. ಹಾಗೆ ಮಾಡಲು ನಿಮ್ಮ ಕಾಯಿದೆಯೇ ಅವಕಾಶ ಕೊಟ್ಟಿದೆ. ಅವನು ಅಡಗಿಲ್ಲ ಎಂಬುದಕ್ಕೆ ಪುರಾವೆಯನ್ನೂ ಕೊಡುತ್ತೇನೆ. ಶುಕ್ರವಾರ ರಾತ್ರಿ ಅವನು ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೇಕರಿಯ ಮೇಲಿನ ಮನೆಯಲ್ಲಿ ಇರುತ್ತಾನೆ. ಬಾಗಿಲಿನ ಕರೆಗಂಟೆಯ ಪಕ್ಕ ನನ್ನ ಹೆಸರಿದೆ. ಇದನ್ನು ಓದಿ ನೀವು ಪೆನ್ನು ತೆಗೆಯುತ್ತೀರೋ, ಪೊಲೀಸರನ್ನು ಕಳಿಸುತ್ತೀರೋ ನನಗೆ ತಿಳಿಯದು. ತಮ್ಮನನ್ನು ಉಳಿಸುತ್ತಿದ್ದೇನೋ ಹಿಡಿದುಕೊಡುತ್ತಿದ್ದೇನೋ, ಅದೂ ತಿಳಿಯದು.

ಇಂತಿ,
ಬೆಳೆದ ತಮ್ಮನಿಗೆ ಅಕ್ಕ ಕುಟುಂಬವಲ್ಲ ಎಂದು ನಿಮ್ಮ ಕಾಯಿದೆ ಹೇಳಿದರೂ ಅಕ್ಕನಾಗಿಯೇ ಉಳಿದಿರುವ
ಅಬ್ರೆಹೆತ್