ವೈಫೈ ಡಬ್ಬಿಗೆ ಚುಚ್ಚಿದ ಊದಿನಕಡ್ಡಿ

ರಾಂಜಣಗಾಂವ, ಪುಣೆ ಜಿಲ್ಲೆ
ಮಂಗಳವಾರ, ೭ ಅಕ್ಟೋಬರ್ ೨೦೨೫

ಅತ್ತೀ, ನಿಮ್ಮ ಪಾದಕ್ಕೆ ಶರಣು.

ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಿಮಗೆ ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಈ ಮನೆಯಲ್ಲಿ ಎಲ್ಲರಿಗೂ ಬಾಯಿ ಇರುತ್ತದೆ ಅಂದಿದ್ದೆ. ನಮ್ಮ ಕಾರ್ಮಿಕ ಸಂಘದ ಸಭೆಯಲ್ಲಿ ನಿಮಗೂ ಒಂದು ಕುರ್ಚಿ ಅಂದಿದ್ದೆ. ಹಿರಿಯರೆಂದು ಕಾಲಿಗೆ ಬಿದ್ದು ಆಮೇಲೆ ಮೂಲೆಗೆ ಕೂಡಿಸುವವಳು ನಾನಲ್ಲ ಅಂದಿದ್ದೆ. ಆದರೆ ಮಾಡಿದ್ದು ಇದು: ಹೋದ ಶುಕ್ರವಾರ ಮಧ್ಯಾಹ್ನ ನೀವು ಮೂರು ಸಲ ಬಾಯಿ ತೆರೆದಿರಿ, ಮೂರೂ ಸಲ ನಾನೇ ಮುಚ್ಚಿಸಿದೆ. ಕಾರ್ಖಾನೆಯ ಗೇಟಿನ ಮುಂದೆ ನಿಂತು ‘ನಮ್ಮ ದನಿ ಕೇಳಿ’ ಎಂದು ಗಂಟಲು ಹರಿದುಕೊಳ್ಳುವ ದುರ್ಗಾ ತನ್ನ ಮನೆಯೊಳಗೆ ಮಾಡಿದ ಕೆಲಸ ಇದು. ಇಷ್ಟನ್ನು ಬರೆದ ಮೇಲೆಯೇ ಮುಂದಿನದಕ್ಕೆ ಕೈ ಓಡುತ್ತದೆ.

ಮೊಣಕಾಲು ಹೇಗಿದೆ? ಬೈಲಹೊಂಗಲದ ಬಸ್ಸಿನಲ್ಲಿ ಕಾಲು ಚಾಚಲು ಜಾಗ ಸಿಕ್ಕಿತೋ ಇಲ್ಲವೋ? ಎಣ್ಣೆಯ ಸೀಸೆಯನ್ನು ಕಿಟಕಿಯಲ್ಲೇ ಮರೆತು ಹೋಗಿದ್ದೀರಿ, ಅಲ್ಲಿ ನಿಮ್ಮ ತಂಗಿ ಮಾನಮ್ಮ ಚಿಗವ್ವನ ಮನೆಯಲ್ಲಿ ಬಿಸಿ ಉಪ್ಪಿನ ಗಂಟಾದರೂ ಇಟ್ಟುಕೊಳ್ಳಿರಿ. ನಿಮ್ಮ ಮಗ ಸಿದ್ದಾರೂಢ ಚೆನ್ನಾಗಿದ್ದಾರೆ. ನಾನು ಮಾಡಿದ ಜೋಳದ ರೊಟ್ಟಿ ತಿಂದು ದಿನಾ ನಿಮ್ಮನ್ನು ನೆನೆಯುತ್ತಾರೆ, ಪ್ರೀತಿಗೋ ರೊಟ್ಟಿಗೋ ನಾನು ಕೇಳಿಲ್ಲ. ಫೋನಿದ್ದೂ ಕಾಗದ ಯಾಕೆ ಎಂದು ಕೇಳಬೇಡಿ. ಫೋನಿನಲ್ಲಿ ನೀವು ‘ಹೂಂ, ಆರಾಮ ಅದೇನಿ’ ಅಂದು ಸುಮ್ಮನಾಗುತ್ತೀರಿ, ಉಳಿದದ್ದನ್ನೆಲ್ಲ ನಾನೇ ಮಾತಾಡುತ್ತೇನೆ. ಕಾಗದವಾದರೆ ಬೇಸರ ಬಂದ ಕಡೆ ನೀವು ಮಡಚಿ ಇಡಬಹುದು. ನನ್ನನ್ನು ಅರ್ಧಕ್ಕೆ ನಿಲ್ಲಿಸುವ ಹಕ್ಕು ನಿಮಗೂ ಒಮ್ಮೆ ಸಿಗಲಿ.

ನಿಮ್ಮ ಕಣ್ಣೆದುರು ನಡೆದದ್ದನ್ನೇ ಮತ್ತೆ ಬರೆಯುತ್ತಿದ್ದೇನೆ. ಅವತ್ತು ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದು ನಿಮಗೆ ತಿಳಿಯಬೇಕು. ಕಾರ್ಖಾನೆಯ ಕ್ಯಾಂಟೀನಿನಿಂದ ನಮ್ಮ ಒಂಬತ್ತು ಹೆಂಗಸರನ್ನು ಒಂದೇ ದಿನ ಹೊರಗೆ ಹಾಕಿ ಎರಡು ತಿಂಗಳಾಗಿತ್ತು. ದಿನಕ್ಕೆ ಎರಡು ಸಾವಿರ ಚಪಾತಿ ಲಟ್ಟಿಸಿದ ಕೈಗಳಿಗೆ ಕೆಲಸಕ್ಕಿದ್ದೆವು ಎನ್ನುವ ಒಂದು ಚೀಟಿಯೂ ಇಲ್ಲ. ಶಿವಾಜಿನಗರದ ಕಾರ್ಮಿಕ ಅಧಿಕಾರಿಯವರು ನಮ್ಮ ಅರ್ಜಿ ತೆಗೆದುಕೊಂಡು ಶುಕ್ರವಾರ ಮೂರು ಗಂಟೆಗೆ ವಿಡಿಯೋ ಕಾಲ್‌ನಲ್ಲಿ ವಿಚಾರಣೆ ಇಟ್ಟಿದ್ದರು. ಒಬ್ಬೊಬ್ಬಳೂ ಮುಖ ತೋರಿಸಿ ತನ್ನ ಮಾತು ತಾನೇ ಹೇಳಬೇಕು. ಹೇಳದೇ ಹೋದರೆ ಕ್ಯಾಂಟೀನಿನ ಗುತ್ತಿಗೆದಾರನ ಮಾತೊಂದೇ ಕಾಗದದ ಮೇಲೆ ಉಳಿಯುತ್ತದೆ, ಕೆಲಸ ಹೋದದ್ದು ಹೋದಂತೆಯೇ. ನಮ್ಮ ಓಣಿಯಲ್ಲಿ ಮೊಬೈಲ್ ಸಿಗ್ನಲ್ ತಗಡಿನ ಮಾಡಿಗೆ ಹೆದರಿ ಹೊರಗೇ ನಿಲ್ಲುತ್ತದೆ. ಬೀದಿಗೆ ಹೋಗಿ ಮಾತಾಡಿದರೆ ಗುತ್ತಿಗೆದಾರನ ಜನ ಸುತ್ತ ನಿಲ್ಲುತ್ತಾರೆ. ವೈಫೈ ಇರುವುದು ನಮ್ಮ ಮನೆಯಲ್ಲಿ ಮಾತ್ರ, ಅದನ್ನೇ ಗೋಡೆಯಾಚೆ ಮನೆ ಮಾಲಕಿ ರಂಗೂಬಾಯಿಯವರೂ ಬಳಸುತ್ತಾರೆ. ಹಾಗಾಗಿ ಒಂದು ಗಂಟೆಗೇ ಎಲ್ಲರೂ ಬಂದು ಕುಳಿತರು. ಚಾಪೆಯ ಮೇಲೆ ಒಂಬತ್ತು ಫೋನು. ಒಂದೂ ವೈಫೈಗೆ ಕೂಡಲಿಲ್ಲ.

ನಮ್ಮ ವೈಫೈಯ ಹೆಸರೇ ಮಾಯವಾಗಿತ್ತು. ಅದರ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಸೇರಿದ ಯಾವುದೋ ಪರಕೀಯ ಹೆಸರು ಬಂದು ಪಾಸ್‌ವರ್ಡ್ ಕೇಳುತ್ತದೆ, ನಮ್ಮದನ್ನು ಹಾಕಿದರೆ ಅಲ್ಲ ಅನ್ನುತ್ತದೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಅನುಜಾ ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ಫೋನು ಆರಿಸಿ ಹಚ್ಚಿದಳು. ವಿಮಾನದ ಗುರುತನ್ನು ಒತ್ತಿ ಬಿಟ್ಟಳು. ಹಳೆಯ ವೈಫೈ ಮರೆತುಬಿಡು ಎಂದು ಫೋನಿಗೆ ಹೇಳಿದಳು, ಅದು ಮರೆತು ಕೂತಿತು. ಕೊನೆಗೆ ‘ಒಂದ ಫೋನ್ ಹಟಾ ಹಿಡದ್ರ ಫೋನಿಂದ ತಪ್ಪ, ಒಂಬತ್ತೂ ಹಿಡದ್ರ ಡಬ್ಬಿ ನೋಡಬೇಕ್ರಿ ಅಕ್ಕಾ’ ಅಂದಳು. ನಾನು ಡಬ್ಬಿಯನ್ನು ನೋಡಲಿಲ್ಲ, ಕಂಪನಿಯನ್ನು ನೋಡಿದೆ. ಇಪ್ಪತ್ತು ವರ್ಷ ಚಳವಳಿಯಲ್ಲಿ ಬೆಳೆದವಳಿಗೆ ಕಂಪನಿಯ ಕೈ ಕಾಣದ ಜಾಗವೇ ಇಲ್ಲ. ವಿಚಾರಣೆಯ ದಿನವೇ ನಮ್ಮ ವೈರು ಕತ್ತರಿಸಿದ್ದಾರೆ ಅಂದೆ. ಕೇಬಲ್ಲಿನವನನ್ನು ಕೊಂಡುಕೊಂಡಿದ್ದಾರೆ ಅಂದೆ. ಆಗ ನೀವು ದೇವರ ಮಾಡದ ಪಕ್ಕದಿಂದ ಎದ್ದು ಬಂದು ‘ದುರ್ಗಾ, ಆ ಡಬ್ಬಿಗೆ ಮೊನ್ನೆ ನಾನs...’ ಎಂದು ಶುರು ಮಾಡಿದಿರಿ. ‘ಅತ್ತೀ, ಪೂಜಿ ಮಾತು ಆಮ್ಯಾಲೆ’ ಅಂದೆ. ಬಾಗಿಲ ಬಳಿ ನನ್ನ ಸೆರಗು ಹಿಡಿದು ‘ಒಂದs ಮಾತ ಕೇಳವಾ’ ಅಂದಿರಿ. ‘ನಿಮಗ ತಿಳಿಯೂದಲ್ಲ ಇದು, ಒಳಗ ಕೂಡ್ರಿ’ ಅಂದೆ. ಇದೇ ಮಾತನ್ನು ಗುತ್ತಿಗೆದಾರ ನಮಗೆ ಅಂದಾಗ ನಾನು ಅವನ ಟೇಬಲ್ಲನ್ನು ಗುದ್ದಿದ್ದೆ.

ಏಳು ಜನರನ್ನು ಕಟ್ಟಿಕೊಂಡು ಕೇಬಲ್ ಅಂಗಡಿಗೆ ಹೋದೆ. ಅಂಗಡಿಯ ವಿಕಾಸ ಊಟಕ್ಕೆ ಕುಳಿತಿದ್ದ. ಅವನ ಊಟದ ಡಬ್ಬಿಯ ಮುಂದೆಯೇ ನಿಂತು ಧಿಕ್ಕಾರ ಕೂಗಿದೆವು. ಪಾಪ, ಎಂಜಲು ಕೈಯಲ್ಲೇ ಕಂಪ್ಯೂಟರ್ ತೋರಿಸಿ ‘ತಾಈ, ಲೈನ್ ಚಾಲೂ ಆಹೆ’ ಅಂದ, ಲೈನಿಗೆ ಏನೂ ಆಗಿಲ್ಲ ಎಂದು. ಸುಳ್ಳು ಅಂದೆ. ಯಾರ ಕಡೆಯವನು ನೀನು ಎಂದು ಕೇಳಿದೆ. ಆಗ ಅವನ ಫೋನು ರಿಂಗಾಯಿತು. ಅವನು ಕೇಳಿಸಿಕೊಂಡ, ನನ್ನ ಮುಖ ನೋಡಿದ, ಸ್ಪೀಕರ್ ಹಚ್ಚಿ ನನ್ನ ಮುಂದೆ ಹಿಡಿದ. ಸಿಗ್ನಲ್ಲಿಗಾಗಿ ಹೊಸ್ತಿಲಾಚೆ ಬಂದು ನಿಂತ ಅನುಜಾಳ ದನಿ, ಅವಳ ಹಿಂದೆ ನಿಮ್ಮದು: ‘ಅದರ ಬೆನ್ನಾಗ ಒಂದ ಸಣ್ಣ ತೂತ ಇತ್ತಪಾ. ಖಂಡೇನವಮಿ ದಿನ ಊದಿನಕಡ್ಡಿ ಅಲ್ಲೇ ಚುಚ್ಚಿದೆ. ಬೀಳಬಾರದಂತ ಆರತಿ ಮುಗಿಯೂತನಾ ಒತ್ತಿ ಹಿಡದಿದ್ದೆ.’

ಆ ತೂತು ಡಬ್ಬಿಗೆ ಹಳೆಯದನ್ನೆಲ್ಲ ಮರೆಸುವ ಗುಂಡಿಯಂತೆ. ಕಡ್ಡಿಯಿಂದ ಅಷ್ಟು ಹೊತ್ತು ಒತ್ತಿದರೆ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ ಡಬ್ಬಿ ಅಂಗಡಿಯಿಂದ ಬಂದ ದಿನದಂತೆ ಆಗುತ್ತದಂತೆ. ಲಟ್ಟಣಿಗೆ, ಕತ್ತರಿ, ನಿಮ್ಮ ಮಗನ ಗಾಡಿಯ ಜೊತೆ ಅದನ್ನೂ ಆಯುಧಪೂಜೆಯ ಸಾಲಿನಲ್ಲಿ ಇಟ್ಟವರು ನೀವು. ಹಸಿರು ದೀಪ ಉರಿಯುವ ವಸ್ತುವನ್ನು ಹಬ್ಬದ ದಿನ ಆರಿಸಬಾರದೆಂದು ಸ್ವಿಚ್ಚನ್ನೂ ತೆಗೆದಿರಲಿಲ್ಲ. ನವಮಿಯಂದು ಆಯುಧ ಮುಟ್ಟುವಂತಿಲ್ಲ, ಮರುದಿನ ಬನ್ನಿ ಕೊಡಲು ಮನೆಮನೆ ತಿರುಗಾಟ; ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ನಾನು ಬೀದಿಯಲ್ಲಿ ಧಿಕ್ಕಾರ ಕೂಗುತ್ತಿದ್ದ ಹೊತ್ತಿಗೆ ನೀವು ಅನುಜಾಳನ್ನು ಪಕ್ಕಕ್ಕೆ ಕೂಡಿಸಿಕೊಂಡು ‘ತಪ್ಪ ನಂದು, ಹ್ಯಾಂಗ ತಿದ್ದೂದು ಹೇಳು’ ಅಂದಿರಂತೆ. ಡಬ್ಬಿಯನ್ನು ಬೋರಲು ಮಾಡಿದಿರಂತೆ. ತಳದ ಚೀಟಿಯ ಮೇಲೆ ನೀವೇ ಬಳಿದಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದರೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಎರಡೂ ಅಲ್ಲೇ ಇದ್ದವಂತೆ. ಉಳಿದದ್ದನ್ನು ವಿಕಾಸ ಫೋನಿನಲ್ಲೇ ಹೇಳಿಕೊಟ್ಟ, ನನ್ನ ಏಳು ಜನ ಕೇಳುತ್ತ ನಿಂತಿದ್ದಾಗ. ಅವನಲ್ಲಿ ಕ್ಷಮೆ ಕೇಳಿದೆ. ಅವನು ‘ಆಜೀಗೆ ನಮಸ್ಕಾರ ಹೇಳಿ’ ಅಂದು ಊಟಕ್ಕೆ ಕುಳಿತ. ರಂಗೂಬಾಯಿಯವರು ಮಾತ್ರ ತಮ್ಮ ಮಿಕ್ಸರಿಗೂ ನೀವೇ ಪೂಜೆ ಮಾಡಿದ್ದರಿಂದ ಅದು ಬದುಕಿದೆಯೋ ಇಲ್ಲವೋ ಎಂದು ನೋಡಲು ಓಡಿದರು.

ಎರಡೂ ಐವತ್ತಕ್ಕೆ ಒಂಬತ್ತು ಫೋನೂ ಕೂಡಿದವು. ಒಂಬತ್ತು ಜನರೂ ಮಾತಾಡಿದರು. ಜೋರಾಗಿ, ತಡವರಿಸುತ್ತ, ಮರಾಠಿ ಕನ್ನಡ ಕಲಸಿ, ಆದರೆ ತಮ್ಮ ಬಾಯಿಂದ. ಅಧಿಕಾರಿಯವರು ಯಾರನ್ನೂ ಅರ್ಧಕ್ಕೆ ತಡೆಯಲಿಲ್ಲ. ಅರ್ಜಿ ಬದುಕಿತು. ಅತ್ತೀ, ಅದನ್ನು ಬದುಕಿಸಿದ್ದು ಸಂಘವಲ್ಲ, ನಾನಂತೂ ಅಲ್ಲ. ತಪ್ಪು ನನ್ನದು ಎಂದು ಎಲ್ಲರೆದುರು ಹೇಳುವ ಧೈರ್ಯ ನಿಮ್ಮದು, ಅದು ಬದುಕಿಸಿತು. ನಮ್ಮ ನಾಯಕರು ಅಂಥ ವಾಕ್ಯ ಆಡಿದ್ದನ್ನು ಇಪ್ಪತ್ತು ವರ್ಷದಲ್ಲಿ ನಾನು ಕೇಳಿಲ್ಲ, ನಾನೂ ಆಡಿಲ್ಲ. ನಿಮ್ಮಿಂದ ಕಲಿತು ಈಗ ಆಡುತ್ತಿದ್ದೇನೆ.

ಮೂರನೆಯ ಸಲದ್ದು ಇನ್ನೂ ಉಳಿದಿದೆ. ವಿಚಾರಣೆ ಮುಗಿಯುವಾಗ ಗುತ್ತಿಗೆದಾರ, ಈ ಕ್ಯಾಂಟೀನು ಶುರುವಾಗಿ ಮೂರು ವರ್ಷವಾಯಿತು, ಇದು ತಾತ್ಕಾಲಿಕ ಕೆಲಸ ಅಂದ. ಗೋಡೆಗೆ ಒರಗಿದ್ದ ನೀವು ‘ಸುಳ್ಳ’ ಅಂದು ಏಳಲು ಹೋದಿರಿ. ಹಳಬರು ಯಾರಾದರೂ ಇದ್ದಾರೆಯೇ ಎಂದು ಅಧಿಕಾರಿಯವರು ಕೇಳಿದರು. ನಾನು ಕೂಡ್ರಿ ಎಂದು ಕೈ ಮಾಡಿ, ‘ಬರೆದು ಕೊಡುತ್ತೇವೆ’ ಅಂದೆ. ನೀವು ಎಲ್ಲಿ ತಪ್ಪು ಮಾತಾಡಿಬಿಡುತ್ತೀರೋ ಎಂಬ ಹೆದರಿಕೆ, ಇನ್ನೇನಲ್ಲ. ನೀವು ಕುಳಿತಿರಿ. ಶನಿವಾರ ಬೆಳಿಗ್ಗೆ ಚೀಲ ಹಿಡಿದು ‘ತಂಗೀನ್ನ ನೋಡಿ ಭಾಳ ದಿನಾ ಆತು’ ಅಂದಿರಿ. ಯಾಕೆ ಹೋದಿರಿ ಎಂದು ನನಗೆ ಗೊತ್ತು. ನಿಮ್ಮ ಮಗನಿಗೂ ಹೇಳಿದ್ದೇನೆ.

ಮಾನಮ್ಮ ಚಿಗವ್ವನಿಗೆ ನನ್ನ ಶರಣು ತಿಳಿಸಿ. ಮನೆಯ ಮಕ್ಕಳಿಗೆಲ್ಲ ಒಳ್ಳೆಯದಾಗಲಿ. ನಿಮ್ಮ ಹೊಟ್ಟೆ ತಣ್ಣಗಿರಲಿ, ಮೊಣಕಾಲು ಗಟ್ಟಿಯಾಗಲಿ.

ನಿಮ್ಮ ಸೊಸೆ,
ದುರ್ಗಾ

ತಾ.ಕ.: ಅನುಜಾ ಅಂಚೆಗೆ ಹೊರಟು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬರಹ ಸಾಲದು, ಹಳಬರೇ ಎದುರು ಬಂದು ಹೇಳಬೇಕು ಎಂದು ನಿನ್ನೆ ಅಧಿಕಾರಿಯವರಿಂದ ಕಾಗದ ಬಂದಿದೆ. ಅದೇ ಒಲೆಯ ಮುಂದೆ ಹನ್ನೊಂದು ವರ್ಷ, ನಾಲ್ಕು ಗುತ್ತಿಗೆದಾರರ ಕೈಕೆಳಗೆ ಚಪಾತಿ ಬೇಯಿಸಿದವರು ನಮ್ಮಲ್ಲಿ ನೀವೊಬ್ಬರೇ. ಅದು ಖಾಯಂ ಕೆಲಸ ಎಂದು ನೀವು ಹೇಳಿದರೆ ಒಂಬತ್ತು ಮನೆಯ ಒಲೆ ಉಳಿಯುತ್ತದೆ. ಬನ್ನಿ ಎಂದು ಆಜ್ಞೆ ಮಾಡುವ ಮುಖ ನನಗಿಲ್ಲ, ಕೇಳುತ್ತಿದ್ದೇನೆ. ಯಾವ ಮಾತು ಹೇಳಬೇಕು, ಹೇಗೆ ಹೇಳಬೇಕು ಎಂಬುದು ನಿಮ್ಮದು. ನಾನು ಹಿಂದೆ ಕೂಡುತ್ತೇನೆ, ಬಾಯಿ ಮುಚ್ಚಿಕೊಂಡು. ಅಧಿಕಾರಿಯವರ ಎದುರು ಹೋಗುವ ಮೊದಲು ಸಂಘದ ಸಭೆ, ರಂಗೂಬಾಯಿಯವರ ಮಾಳಿಗೆಯ ಮೇಲೆ: ಭಾನುವಾರ, ಅಕ್ಟೋಬರ್ ೧೨, ಬೆಳಿಗ್ಗೆ ಹನ್ನೊಂದು ಗಂಟೆಗೆ.