ಎದೆಯ ಮೇಲಿನ ಗುಬಟು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಚೂಟಿ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಚಿಕಿತ್ಸೆ ಮುಗಿಸಿ ಮತ್ತೆ ಹೊಲಿಗೆ ಮಷೀನಿನ ಮುಂದೆ ಕೂತಿದ್ದೇನೆ. ಕೂದಲೂ ಬಂದಿದೆ, ಕೋಪವೂ ಬಂದಿದೆ. ಕೋಪವೇ ಹೆಚ್ಚು ಸೊಂಪಾಗಿದೆ ಎನ್ನುತ್ತಾರೆ ನಿನ್ನ ಭಾವ.

ಕೋಪ ಯಾರ ಮೇಲೆ ಅಂತೀಯಾ? ಈ ಪೋರ್ಟಿನ ಮೇಲೆ. ಕೀಮೋ ಔಷಧಿ ಹಾಕಲೆಂದು ಬಲಭುಜದ ಕೆಳಗೆ, ಚರ್ಮದೊಳಗೆ ಹುದುಗಿಸಿದರಲ್ಲ, ಕೋಟಿನ ದೊಡ್ಡ ಗುಂಡಿಯಷ್ಟಿದ್ದದ್ದು, ಅದು. ಔಷಧಿ ನಿಂತು ವರ್ಷವಾಗುತ್ತ ಬಂತು, ಇದು ಮಾತ್ರ ಝಾಂಡಾ ಊರಿ ಕೂತಿದೆ. ಕೊರಳಿಗೆ ಅಳತೆ ಟೇಪು ಹಾಕಿಕೊಂಡರೆ ಅದರ ತಗಡಿನ ತುದಿ ಸರಿಯಾಗಿ ಅಲ್ಲಿಗೇ ಬಡಿಯುತ್ತದೆ. ಬಲಮಗ್ಗುಲಿಗೆ ಮಲಗುವಂತಿಲ್ಲ. ಅದು ಕಟ್ಟಿಕೊಳ್ಳಬಾರದೆಂದು ಆಗಾಗ ಆಸ್ಪತ್ರೆಗೆ ಹೋಗಿ, ಸೂಜಿ ಚುಚ್ಚಿಸಿ, ಉಪ್ಪುನೀರಲ್ಲಿ ತೊಳೆಸಿಕೊಂಡು ಬರಬೇಕು. ಆ ನೀರು ಒಳಗೆ ಹೋದದ್ದೇ ತಡ, ಬಾಯೆಲ್ಲ ಉಪ್ಪುಪ್ಪು. "ಬಾಯಿಗೆ ಚಾಕಲೇಟ್ ಹಾಕ್ಕೊಳ್ಳಿ ಅಮ್ಮ" ಎನ್ನುತ್ತಾಳೆ ನರ್ಸ್. ನಾನೇನು ಎಳೆ ಮಗುವೇ?

ಮನೆಯವರದ್ದು ಇನ್ನೊಂದು ಕಾಟ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಲೆಕ್ಕದ ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ನಿನ್ನ ಭಾವನ ಕಥೆಯೂ ಅದೇ. ಕಾರಿನ ಬೆಲ್ಟು ಪೋರ್ಟಿನ ಮೇಲೆ ಒತ್ತಬಾರದೆಂದು, ಗಿರಾಕಿಯ ರವಿಕೆಗೆ ನಾನು ಕತ್ತರಿಸಿಟ್ಟಿದ್ದ ರೇಷ್ಮೆಯಲ್ಲೇ ಪುಟ್ಟ ದಿಂಬು ಹೊಲಿದಿದ್ದಾರೆ. ಆ ಹೊಲಿಗೆಯೋ, ದೇವರಿಗೇ ಪ್ರೀತಿ! ಮೊಮ್ಮಗಳು ಕರೆಗಂಟೆಯೆಂದು ಈ ಪೋರ್ಟನ್ನು ಒತ್ತಿ "ಅಜ್ಜೀ, ಬಾಗ್ಲು ತೆಗಿ" ಎನ್ನುತ್ತಾಳೆ. ಗಿರಾಕಿಗಳಂತೂ ಮೊದಲು ಗುಬಟು ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ.

ಆಸ್ಪತ್ರೆಯಿಂದ ಬಂದಾಗಲೆಲ್ಲ ನಿನ್ನ ಭಾವ ಬಾಗಿಲಲ್ಲೇ ನಿಂತಿರುತ್ತಾರೆ. "ಏನಂದ್ರು? ಯಾವಾಗ ತೆಗೀತಾರಂತೆ?"

"ಇನ್ನೂ ಸ್ವಲ್ಪ ದಿನ ಇರಲಿ ಅಂದ್ರು" ಎಂದರೆ ನನಗಿಂತ ಅವರದ್ದೇ ಹೆಚ್ಚು ಕೂಗಾಟ. ನಿನ್ನೆ, "ಆ ಡಾಕ್ಟ್ರಿಗೆ ಬೇರೆ ಕೆಲ್ಸ ಇಲ್ವಾ? ಗುರುವಾರ ನಾನೇ ಬರ್ತೀನಿ, ಮುಖಾಮುಖಿ ಕೇಳೇಬಿಡ್ತೀನಿ" ಎಂದು ಅಂಗಿಯನ್ನೂ ಇಸ್ತ್ರಿ ಮಾಡಿಸಿಟ್ಟುಕೊಂಡರು. ಬೇಡವೆಂದರೆ ಕೇಳುವ ಆಸಾಮಿಯಲ್ಲ. ಈ ಮನುಷ್ಯನ ಹಟಕ್ಕೆ ನನ್ನ ತಲೆ ಚಿಟ್ಟು ಹಿಡಿದುಹೋಗಿದೆ.

ನಿನ್ನ ಮಂಡಿನೋವು ಹೇಗಿದೆ? ಸುಮ್ಮಸುಮ್ಮನೆ ಮೆಟ್ಟಿಲು ಹತ್ತಿಳಿಯಬೇಡ. ಮಕ್ಕಳಿಗೆ ದೊಡ್ಡಮ್ಮನ ಮುದ್ದು. ನಿಮ್ಮ ಮನೆಯಲ್ಲಿ ಯಾವಾಗಲೂ ನಗು ತುಂಬಿರಲಿ.

ನಿನ್ನ ಅಕ್ಕ

ತಾ.ಕ.: ಇದು ಮರೆತ ಮಾತಲ್ಲ, ಬರೆಯಲು ಧೈರ್ಯವಾಗದ ಮಾತು. ಡಾಕ್ಟರು ಎಂದೋ ಹೇಳಿಯಾಗಿದೆ, "ಇನ್ನು ಬೇಕಾಗಿಲ್ಲಮ್ಮ, ತೆಗೆದುಬಿಡೋಣ" ಅಂತ. ಇರಲಿ ಎಂದವಳು ನಾನೇ. ಹೋದಾಗಲೆಲ್ಲ ನಾನೇ. ಗುರುವಾರ ನಿನ್ನ ಭಾವನಿಗೆ ಗೊತ್ತಾಗುತ್ತದೆ, ಅಷ್ಟರೊಳಗೆ ನೀನು ಬಂದುಬಿಡು. ಇದು ಇದ್ದರೆ, ಕಾಯಿಲೆ ಮರಳಿ ಬಂದರೂ ನಾನು ತಯಾರಾಗಿದ್ದೆ ಅಂದುಕೊಳ್ಳಬಹುದು. ತೆಗೆದರೆ, ಗುಣವಾಗಿದ್ದೇನೆ ಎಂದು ನಂಬಬೇಕಾಗುತ್ತದೆ ಕಣೇ. ಅದೊಂದು ನನ್ನ ಕೈಲಿ ಆಗುತ್ತಿಲ್ಲ.