ಕಿಯೊಹಾರಾ ಮನೆಯ ಕೆಂಪಕ್ಷರ

ಕ್ಯೋಟೊ,
ಅಕ್ಟೋಬರ್ 2, 1961

ಪ್ರೀತಿಯ ಚಿಜುರು ಅಕ್ಕನಿಗೆ,

ಹಾಕೊಡಾತೆಯಲ್ಲಿ ಆಗಲೇ ಚಳಿ ಶುರುವಾಗಿರಬೇಕು. ಭಾವ, ಮಗು ಚೆನ್ನಾಗಿದ್ದಾರೆ ತಾನೆ? ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರಕ್ಕೆಂದು ಮೂರು ಸಲ ಕೂತೆ. ಮೂರು ಸಲವೂ ಬರೀ ಮಳೆ ಬಿಸಿಲಿನ ವಿಷಯ ಬರೆದು ಹರಿದುಹಾಕಿದೆ. ಕ್ಷಮಿಸು.

ಅಪ್ಪ ಆರೋಗ್ಯವಾಗಿದ್ದಾರೆ. ಚಿತ್ರ ಕಲಿಯಲು ಬರುವ ಶಿಷ್ಯರು ಈಗ ಇಬ್ಬರೇ. ಅವರಿಗೂ ಅದೇ ಪಾಠ: ಕಿಯೊಹಾರಾ ಎಂದರೆ ಅರಮನೆಯ ಕುಲೀನರ ಹೆಸರು, ಪಂಡಿತರ ಹೆಸರು, ಕುಂಚ ಹಿಡಿದವರ ಹೆಸರು. ಮೊನ್ನೆ ನಮ್ಮದೇ ಮನೆತನದ ಹೆಸರಿನ ಮೀನಿನಂಗಡಿಯ ಕಿಯೊಹಾರಾ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡು, "ಹಂಗಾದ್ರೆ ನಮ್ಮ ಮುತ್ತಾತ ಅರಮನೇಲೇ ಮೀನು ಕೊಯ್ತಿದ್ನೇನೋ! ಬಂಗುಡೆ ಎಷ್ಟು ಕೊಡ್ಲಿ, ಮಹಾಪ್ರಭು?" ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನಿಗೆ ನಾಲ್ವರು ಗಂಡುಮಕ್ಕಳು, ಹೆಸರು ಉಳಿಯುತ್ತದಲ್ಲ ಎಂದೆ. "ಅವರು ಬೇರೆ ಕಿಯೊಹಾರಾ ಕಣೇ," ಎಂದರು ಅಪ್ಪ.

ವಾಕುಯಿ ಅವರ ವಿಷಯ ನೀನು ಕೇಳಿದ್ದೆ. ನಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಬರುತ್ತಿದ್ದ ಆ ಶಾಲಾ ಮೇಷ್ಟರು ಆಗಸ್ಟಿನಲ್ಲಿ ಮನೆಗೇ ಬಂದು ಹೆಣ್ಣು ಕೇಳಿದರು.

"ಬನ್ನಿ, ಸಂತೋಷ. ಆದ್ರೆ ಚಪ್ಪಲಿ ಜೊತೆ ನಿಮ್ಮ ಮನೆ ಹೆಸರನ್ನೂ ಹೊಸಿಲಾಚೆ ಬಿಟ್ಟು ಬರ್ಬೇಕು," ಎಂದರು ಅಪ್ಪ. "ದೊಡ್ಡವಳು ಗಂಡನ ಹೆಸರು ಹಿಡಿದು ಹೋದ್ಲು. ಇವಳಿಗೆ ದತ್ತು ಬರೋ ಅಳಿಯನೇ ಆಗ್ಬೇಕು."

"ನಮ್ಮಪ್ಪನಿಗೂ ನಾನೊಬ್ನೇ ಮಗ, ಸಾರ್," ಎಂದವರು ನನ್ನತ್ತ ತಿರುಗಿ, "ಮಿಸಾವೊ ಅವರೇ, ನೀವೇನಂತೀರಾ?" ಎಂದರು.

ಹೇಳಬೇಕಾದ ಮಾತು ನನಗೆ ಗೊತ್ತಿತ್ತು. ಆದರೆ ತುಂಬಿದ್ದ ಬಟ್ಟಲಿಗೇ ಮತ್ತೆ ಚಹಾ ಬಗ್ಗಿಸಿದೆ. ಅವರು ಅದನ್ನು ಪೂರ್ತಿ ಕುಡಿದು, ನಮಸ್ಕರಿಸಿ ಎದ್ದುಹೋದರು. ಮತ್ತೆ ಬಂದಿಲ್ಲ, ಗ್ರಂಥಾಲಯಕ್ಕೂ.

ಹಗಲಿರುಳು ಸಮನಾಗುವ ದಿನ ಅಮ್ಮನ ಸಮಾಧಿಗೆ ಹೋಗಿದ್ದೆವು. ನೀನು ಕಳಿಸಿದ ಧೂಪ ಹಚ್ಚಿದೆ. ಅಮ್ಮ ತೀರಿಕೊಂಡಾಗಲೇ ಅಪ್ಪ ತಮ್ಮ ಹೆಸರನ್ನೂ ಪಕ್ಕದಲ್ಲಿ ಕೆತ್ತಿಸಿ, ಇನ್ನೂ ಬದುಕಿದ್ದೇನೆಂದು ಅಕ್ಷರಗಳಿಗೆ ಕೆಂಪು ತುಂಬಿಸಿದ್ದರಲ್ಲ, ಅದು ಮಾಸಿತ್ತು. ಈಗ ಹೊಸದಾಗಿ ಬಳಿಸಿದ್ದಾರೆ.

ಮಗುವಿಗೆ ನೂರು ವರ್ಷ ಆಯಸ್ಸಾಗಲಿ. ಭಾವನಿಗೆ ನಮಸ್ಕಾರ.

ನಿನ್ನ ತಂಗಿ,
ಮಿಸಾವೊ

ತಾ.ಕ.: ಸಮಾಧಿಯ ವಿಷಯ ಪೂರ್ತಿ ಬರೆಯಲಿಲ್ಲ. ಅಪ್ಪನ ಹೆಸರಿನ ಪಕ್ಕದಲ್ಲಿ ಈಗ ನನ್ನದೂ ಇದೆ, ಕೆಂಪಿನಲ್ಲಿ. "ಕಲ್ಲುಕುಟಿಗ ಹೇಗೂ ಬಂದಿದ್ನಲ್ಲ, ಒಟ್ಟಿಗೇ ಕೆತ್ತಿಸ್ಬಿಟ್ಟೆ. ನಾನು ಹೋದ್ಮೇಲೆ ನಿನಗ್ಯಾರು ಮಾಡಿಸ್ತಾರೆ, ಮಗಳೇ?" ಎಂದರು, ತುಂಬ ಪ್ರೀತಿಯಿಂದ. ನಾನು ಕಲ್ಲಿಗೆ ನೀರು ಸುರಿದು ತೊಳೆಯುತ್ತ ನನ್ನ ಹೆಸರಿನ ಮೇಲೂ ಬಟ್ಟೆ ಆಡಿಸಿದೆ. ಅಪ್ಪ ಹೋದ ದಿನ, ಪದ್ಧತಿಯಂತೆ, ಅವರ ಕೆಂಪನ್ನು ನಾನು ತೆಗೆಸುತ್ತೇನೆ. ನನ್ನದನ್ನು ತೆಗೆಸಲು ಆ ಹೆಸರಿನವರು ಯಾರೂ ಇರುವುದಿಲ್ಲ. ನಿನ್ನ ಮಗುವಿಗೆ ಸ್ಮಶಾನದ ದಾರಿ ಹೇಳಿಕೊಟ್ಟಿರು, ಅಕ್ಕ.